ನೀರಿಗೊಂದು ಪೀಠಿಕೆ

ಕನ್ನಡದಲ್ಲಿ ‘ಪೀಠಿಕೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಗ್ರಂಥದ ಆರಂಭದಲ್ಲಿದ್ದು, ವಿದ್ಯಾರ್ಥಿಗಳು ಸಾಮಾನ್ಯವಾಗಿ ಓದದೆ ದಾಟಿಬಿಡುವ ಬರಹ ಒಂದು. ವಿಗ್ರಹದ ಕೆಳಗಿದ್ದು, ಭಕ್ತರು ಸಾಮಾನ್ಯವಾಗಿ ನೋಡದೆ ಕೈಮುಗಿದು ಹೋಗುವ ಆಸನ ಇನ್ನೊಂದು. ಎರಡರ ಹಣೆಬರಹವೂ ಒಂದೇ: ಮೇಲಿನದನ್ನು ಹೊತ್ತು ನಿಲ್ಲಬೇಕು, ತಾನು ಕಣ್ಣಿಗೆ ಬೀಳಬಾರದು. ಕಾಲೇಜಿನಲ್ಲಿ ಹತ್ತು ವರ್ಷಗಳಿಂದ ಮೊದಲನೆಯ ಬಗೆಯ ಪೀಠಿಕೆಗಳನ್ನು ಹುಡುಗರಿಗೆ ವಿವರಿಸುತ್ತ ಬಂದಿರುವ ನಾನು ಈಚೆಗೆ ಎರಡನೆಯ ಬಗೆಯದೊಂದನ್ನು ಮರದಲ್ಲಿ ಮಾಡಿಸಿದೆ. ಮಾಡಿಸುವಾಗ ಕೈಯನ್ನೂ ಹಾಕಿದೆ. ಅದರ ಮೇಲೆ ಕುಳಿತಿರುವುದು ದೇವರಲ್ಲ. ಮೂರಡಿ ಉದ್ದದ ಒಂದು ಗಾಜಿನ ತೊಟ್ಟಿ, ತೊಟ್ಟಿಯೊಳಗೆ ನೀರು, ನೀರೊಳಗೆ ಹದಿನಾಲ್ಕು ಮೀನು.

ಮನೆಯಲ್ಲಿ ಮೀನು ಸಾಕುವುದನ್ನು ಪಟ್ಟಣದವರ ಹೊಸ ಶೋಕಿಯೆಂದು ಹಿರಿಯರು ಆಕ್ಷೇಪಿಸುವುದುಂಟು. ಗಾಜಿನ ತೊಟ್ಟಿಯೇನೋ ತಕ್ಕಮಟ್ಟಿಗೆ ಹೊಸದು. ಮೀನು, ನೀರ್ಗಿಡ, ಬಸವನಹುಳು ಮೂರನ್ನೂ ಒಂದೇ ಪಾತ್ರೆಯಲ್ಲಿರಿಸಿದರೆ ಅವು ಪರಸ್ಪರ ಬದುಕಿಸಿಕೊಳ್ಳುತ್ತವೆಂದು ರಾಬರ್ಟ್ ವಾರಿಂಗ್‌ಟನ್ ಎಂಬ ಆಂಗ್ಲ ರಸಾಯನಶಾಸ್ತ್ರಜ್ಞನು ಪ್ರಕಟಿಸಿದ್ದು 1850ರಲ್ಲಿ. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನಿನ ಮನೆ ತೆರೆದದ್ದು 1853ರಲ್ಲಿ. ನಮ್ಮ ಕಡೆಯವರು ಮುಂಬಯಿಗೆ ಹೋದಾಗ ತಪ್ಪದೆ ನೋಡಿ ಬರುತ್ತಿದ್ದ ತಾರಾಪೋರವಾಲಾ ಮತ್ಸ್ಯಾಲಯ ತೆರೆದದ್ದು 1951ರಲ್ಲಿ. ಆದರೆ ಮೀನಿನ ಮೇಲಿನ ಮೋಹ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ಎಣಿಸುವಾಗ ಮತ್ಸ್ಯವಿನೋದಕ್ಕೂ ಒಂದು ಸ್ಥಾನವನ್ನು ಕೊಟ್ಟಿದ್ದಾನೆ, ಹತ್ತಾರು ಜಾತಿಯ ಮೀನುಗಳನ್ನು ಹೆಸರಿಸಿ, ಯಾವುದಕ್ಕೆ ಯಾವ ಆಹಾರವೆಂದು ವಿವರಿಸಿದ್ದಾನೆ. ಚಕ್ರವರ್ತಿಯೊಬ್ಬನು ಮೀನಿನ ಊಟದ ಚಿಂತೆ ಮಾಡಿದ್ದ ನಾಡಿನಲ್ಲಿ ಒಬ್ಬ ಅಧ್ಯಾಪಕನು ಮಾಡಿದರೆ ತಪ್ಪೇನು?

ನಮ್ಮ ಮನೆ ಇರುವುದು ವಿಜಯಪುರದ ಸೊಲ್ಲಾಪುರ ರಸ್ತೆಗೆ ತಗುಲಿದ ಒಂದು ಓಣಿಯಲ್ಲಿ. ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜಿನ ದೆಸೆಯಿಂದ ಹಗಲೆಲ್ಲ ಜನರಿಂದ ತುಂಬಿರುವ ರಸ್ತೆ ಇದು. ಸುಮಾರು ನೂರು ಕಿಲೋಮೀಟರ್ ಆಚೆಯ ಸೊಲ್ಲಾಪುರಕ್ಕೆ ಹೋಗುವ ಬಸ್ಸುಗಳು, ಲಾರಿಗಳು, ಹಂಗಾಮಿನಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಹಾದುಹೋಗುವಾಗ ನಮ್ಮ ಮನೆಯ ಮೇಜಿನ ಮೇಲಿನ ಲೋಟದ ನೀರಿನಲ್ಲಿ ಬಳೆಯಂಥ ಸಣ್ಣ ಅಲೆಗಳು ಏಳುತ್ತವೆ. ಇಂಥ ಮನೆಯಲ್ಲಿ ಮೀನಿನ ತೊಟ್ಟಿ ಬೇಕೆಂದು ಎಂಟು ವರ್ಷದ ಮಗಳು ಒಂದು ವರ್ಷದಿಂದ ಹಟ ಹಿಡಿದಿದ್ದಳು. ಮೂರು ವರ್ಷದ ಮಗನಿಗೆ ಹಟ ಹಿಡಿಯುವ ಗೊಡವೆಯಿಲ್ಲ; ಎತ್ತರದಲ್ಲಿ ಏನಿದ್ದರೂ ಅದರ ಅಂಚಿಗೆ ಜೋತುಬೀಳುವುದೇ ಅವನ ಕಸುಬು. ಆದ್ದರಿಂದ ನನ್ನ ಹೆಂಡತಿ ಪ್ರಶ್ನೆಯನ್ನು ನೇರವಾಗಿಯೇ ಇಟ್ಟಳು:

“ಏನ್ರಿ, ಮೀನಿಂದು ಆಮ್ಯಾಲ ನೋಡೂಣು. ಹುಡುಗ ಅದಕ್ಕ ಜೋತುಬಿದ್ದರ ಏನು ಗತಿ, ಅದನ್ನ ಹೇಳ್ರಿ ಮೊದಲ.”

ಇದು ಕೇಳಬೇಕಾದ ಪ್ರಶ್ನೆ. ಅಂಗಡಿಯ ಬೆಳಕಿನಲ್ಲಿ ಮೀನಿನ ತೊಟ್ಟಿ ಗಾಳಿಯಷ್ಟು ಹಗುರವಾಗಿ ಕಾಣುತ್ತದೆ. ಗಾಜೂ ಪಾರದರ್ಶಕ, ನೀರೂ ಪಾರದರ್ಶಕ. ಕಣ್ಣಿಗೆ ಅಡ್ಡಬರದ ವಸ್ತುವಿಗೆ ತೂಕವಿದೆಯೆಂದು ಮನಸ್ಸು ಒಪ್ಪುವುದಿಲ್ಲ. ಆದರೆ ಒಂದು ಘನ ಅಡಿ ನೀರೆಂದರೆ 28 ಲೀಟರಿಗೆ ಮೇಲೆ, ಅಂದರೆ 28 ಕಿಲೋಗ್ರಾಮಿಗೆ ಮೇಲೆ. ನಾವು ಆರಿಸಿದ ತೊಟ್ಟಿಯ ಉದ್ದ 3 ಅಡಿ, ಅಗಲ ಒಂದೂವರೆ, ಎತ್ತರ ಒಂದೂವರೆ. ಒಟ್ಟು ಆರೂಮುಕ್ಕಾಲು ಘನ ಅಡಿ. ಕಂಠಮಟ್ಟ ತುಂಬಿದರೆ 190 ಲೀಟರು. ಮೇಲೆ ಒಂದೂವರೆ ಅಂಗುಲ ಖಾಲಿ ಬಿಟ್ಟು, ತಳದ ಹರಳುಗಲ್ಲಿನ ಜಾಗವನ್ನು ಕಳೆದರೂ 160 ಲೀಟರಿನಷ್ಟು ನೀರು ನಿಲ್ಲುತ್ತದೆ. 8 ಮಿಲಿಮೀಟರ್ ದಪ್ಪದ ಗಾಜಿನ ತೂಕವೇ 33 ಕಿಲೋ. ಎರಡಂಗುಲ ಹರವಿದ ಹರಳುಗಲ್ಲು ಮತ್ತೆ ಅಷ್ಟೇ. ಅಲಂಕಾರದ ಬಂಡೆ, ನೀರು ಸೋಸುವ ಯಂತ್ರ ಇವನ್ನೆಲ್ಲ ಸೇರಿಸಿ, ಕೈ ಸ್ವಲ್ಪ ಬಿಗಿಹಿಡಿಯದೆ ಲೆಕ್ಕ ಹಾಕಿದರೆ ಎರಡೂವರೆ ಕ್ವಿಂಟಲು. ಈ ಜಿಲ್ಲೆಯವರಿಗೆ ಇನ್ನೂ ಸ್ಪಷ್ಟವಾಗಿ ಹೇಳಬೇಕೆಂದರೆ ಎರಡೂವರೆ ಚೀಲ ಬಿಳಿಜೋಳ! ನಡುಮನೆಯಲ್ಲಿ ಎರಡೂವರೆ ಚೀಲ ಜೋಳವನ್ನು ಎದೆಯೆತ್ತರಕ್ಕೆ ಪೇರಿಸಿ, ಅದರ ಕೆಳಗೆ ಮಗುವನ್ನು ಆಡಲು ಬಿಡುವ ತಂದೆತಾಯಿಗಳು ಯಾರಿದ್ದಾರೆ?

ಹೆಂಡತಿಗೆ ಈ ಲೆಕ್ಕವನ್ನು ಹೇಳುತ್ತಿದ್ದಾಗ ಒಳಗೆ ಜೋಳ ಹಸನು ಮಾಡುತ್ತಿದ್ದ ಅವ್ವ ಕೇಳಿಸಿಕೊಂಡಳು. ಅವಳಿಗೆ ಕಿಲೋ ಲೀಟರುಗಳ ಗೊಡವೆ ಬೇಡ.

“ಕೊಡದ ಲೆಕ್ಕದಾಗ ಹೇಳು ತಮ್ಮಾ. ಎಷ್ಟ ಕೊಡ ಹಿಡೀತೈತಿ?”

ನಮ್ಮ ಮನೆಯ ತಾಮ್ರದ ಕೊಡ ಹದಿನಾಲ್ಕು ಲೀಟರಿನದು. “ಹನ್ನೆರಡರ ಹತ್ರ ಆಗ್ತದ ಅವ್ವಾ” ಎಂದೆ.

“ಹನ್ನೆರಡು ಕೊಡ ನೀರು ನಿಂದರಿಸಿ, ಅದನ್ನ ಕುಂತು ನೋಡೂದೇನು?” ಎಂದು ಕೇಳಿ, ಮರವನ್ನು ಮತ್ತೆ ಕೇರತೊಡಗಿದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಅವ್ವ ತಿಕೋಟಾದ ಕಡೆಯ ಹಳ್ಳಿಯವಳು. ಇಂದು ಆ ಸೀಮೆ ದ್ರಾಕ್ಷಿಗೆ ಹೆಸರಾಗಿದೆ. ಏತ ನೀರಾವರಿಯಿಂದ ಕೃಷ್ಣೆಯ ನೀರು ತಿಕೋಟಾ, ಬಬಲೇಶ್ವರಗಳ ಕಡೆಗೆ ಏರಿಬಂದಿದೆ. ಆದರೆ 1972ರ ಬರದಲ್ಲಿ ಅವಳು ಹನ್ನೆರಡು ವರ್ಷದ ಹುಡುಗಿ. ಊರ ಬಾವಿ ಬತ್ತಿದ ಮೇಲೆ ದೂರದ ಒರತೆಗೆ ಹೋಗಿ, ಪಾಳಿ ಬರುವವರೆಗೆ ಕುಳಿತು, ಬೊಗಸೆಯಿಂದ ಕೊಡ ತುಂಬಿಸಿ ತಲೆಯ ಮೇಲೆ ಹೊತ್ತು ತಂದವಳು. ದಿನಕ್ಕೆ ಮೂರು ಕೊಡ ಸಿಕ್ಕರೆ ಅಂದು ಹಬ್ಬ. ಹನ್ನೆರಡು ಕೊಡವೆಂದರೆ ಅವಳ ಲೆಕ್ಕದಲ್ಲಿ ಏಳು ಜನರ ಒಂದು ಸಂಸಾರದ ನಾಲ್ಕು ದಿನದ ಬಾಳು. ನನ್ನ ಎರಡೂವರೆ ಕ್ವಿಂಟಲಿಗಿಂತ ಇದು ಭಾರವಾದ ಲೆಕ್ಕ. ಪೀಠಿಕೆ ಇದನ್ನೂ ಹೊರಬೇಕಾಗಿತ್ತು.

ವಿಚಾರ ಮಾಡಿ ನೋಡಿದರೆ ಅವ್ವನ ಪ್ರಶ್ನೆ ಈ ಊರಿನದೇ ಹಳೆಯ ಪ್ರಶ್ನೆ. ನೀರು ಸುಲಭವಾಗಿ ಸಿಕ್ಕದ ಈ ಕಲ್ಲುನೆಲದ ಮೇಲೆ ಆದಿಲಶಾಹಿಗಳು ದೊಡ್ಡ ರಾಜಧಾನಿಯನ್ನು ಕಟ್ಟಿದರು; ಕಟ್ಟಿದ ಮೇಲೆ ನೀರನ್ನು ಹೇಗೆ ತರುವುದು, ತಂದ ನೀರನ್ನು ಹೇಗೆ ನಿಲ್ಲಿಸುವುದು ಎಂಬುದರಲ್ಲಿ ತಮ್ಮ ಜಾಣ್ಮೆಯನ್ನೆಲ್ಲ ಸುರಿದರು. 1579ರ ಚಾಂದ ಬಾವಡಿ, 1620ರ ತಾಜ ಬಾವಡಿ ಇವನ್ನು ಪ್ರವಾಸಿಗರು ನೋಡುತ್ತಾರೆ. 1651ರಲ್ಲಿ ಮಹಮ್ಮದ್ ಆದಿಲಶಾಹನು ಕಟ್ಟಿಸಿದ ಬೇಗಂ ತಲಾಬನ್ನೂ ನೋಡುತ್ತಾರೆ. ಆ ಕೆರೆಯ ನೀರು ಮಣ್ಣಿನ ಕೊಳವೆಗಳಲ್ಲಿ ನೆಲದೊಳಗೆ ಹರಿದು ಪಟ್ಟಣಕ್ಕೆ ಬರುತ್ತಿತ್ತು. ಆದರೆ ದಾರಿಯುದ್ದಕ್ಕೂ ನಿಂತಿದ್ದ ಗಂಜುಗಳನ್ನು, ಅಂದರೆ ಕಲ್ಲುಗಾರೆಯ ನೀರಿನ ಗೋಪುರಗಳನ್ನು, ನಿಂತು ನೋಡುವವರು ವಿರಳ. ಇಪ್ಪತ್ತೈದರಿಂದ ನಲವತ್ತು ಅಡಿ ಎತ್ತರದ ಈ ಗೋಪುರಗಳ ಕೆಲಸ ಬಹು ಸೂಕ್ಷ್ಮವಾದುದು. ಹರಿದು ಬರುವ ನೀರಿನ ಒತ್ತಡ ಮಣ್ಣಿನ ಕೊಳವೆಯನ್ನು ಒಡೆಯದಂತೆ ಅದನ್ನು ಮೇಲಕ್ಕೇರಲು ಬಿಟ್ಟು ಶಾಂತಗೊಳಿಸುವುದು, ಹೊತ್ತು ತಂದ ಹೂಳನ್ನು ತಳದಲ್ಲಿ ತಂಗಿಸುವುದು, ತಿಳಿನೀರನ್ನು ಮುಂದಕ್ಕೆ ಕಳುಹುವುದು. ನೀರು ಅವಸರದ ಪ್ರಾಣಿ. ಅದಕ್ಕೆ ಕೂಡ್ರಲು ತಕ್ಕ ಜಾಗ ಮಾಡಿಕೊಡದಿದ್ದರೆ ತನಗೆ ತೋಚಿದಲ್ಲಿ ದಾರಿ ಮಾಡಿಕೊಳ್ಳುತ್ತದೆ. ಗಂಜೆಂದರೆ ನೀರು ಕುಳಿತು ದಣಿವಾರಿಸಿಕೊಳ್ಳುವ ಪೀಠ.

ಇನ್ನು ನಮ್ಮ ಪೀಠದ ಮಾತು. ಪೇಟೆಯಲ್ಲಿ ಕಬ್ಬಿಣದ ಸ್ಟ್ಯಾಂಡುಗಳು ಸಿಗುತ್ತವೆ. ಅವು ಕೆಟ್ಟವೆಂದು ನಾನು ಹೇಳಲಾರೆ. ದಪ್ಪ ಕಬ್ಬಿಣದಿಂದ ಮೂಲೆಗಳನ್ನು ಚೆನ್ನಾಗಿ ಬೆಸೆದಿದ್ದರೆ ದಶಕಗಟ್ಟಲೆ ಬಾಳುತ್ತವೆ. ಆದರೆ ನಾಲ್ಕು ತೆಳ್ಳಗಿನ ಕಾಲುಗಳ ಮೇಲೆ ಎರಡೂವರೆ ಚೀಲ ಜೋಳವನ್ನು ಕಲ್ಪಿಸಿಕೊಂಡ ಮೇಲೆ ಹೆಂಡತಿಯ ಮನಸ್ಸು ಅದನ್ನು ಒಪ್ಪಲಿಲ್ಲ. ಮರವೆಂದರೆ ಯಾವ ಮರ? ಹೊಸ ಸಾಗವಾನಿಯ ಬೆಲೆ ಅಧ್ಯಾಪಕನ ಸಂಬಳಕ್ಕೆ ನಿಲುಕುವಂಥದಲ್ಲ. ಅಗ್ಗದ ಹಸಿಮರವಾದರೆ ಒಣಗಿದಂತೆ ತಿರುಚಿಕೊಂಡು, ಕೂರಿಸಿದ ಸಂದುಗಳನ್ನೆಲ್ಲ ಸಡಿಲಿಸಿಬಿಡುತ್ತದೆ.

ಹಳ್ಳಿಯಲ್ಲಿ ನಮ್ಮದೊಂದು ಮಾಳಿಗೆಮನೆಯಿತ್ತು. ತೊಲೆ, ಜಂತಿಗಳ ಮೇಲೆ ಮಣ್ಣು ಹೊದಿಸಿದ, ಈ ಸೀಮೆಯ ಬಿಸಿಲಿಗೆ ತಕ್ಕ ಮನೆ. ಕೆಲವು ವರ್ಷಗಳ ಹಿಂದೆ ಗೋಡೆ ಕುಸಿದು ಅದನ್ನು ಇಳಿಸಬೇಕಾಯಿತು. ಕಲ್ಲು, ಬಾಗಿಲು, ಕಂಬ ಎಲ್ಲವೂ ಹಂಚಿಹೋದವು. ಸಾಗವಾನಿಯ ಎರಡು ತೊಲೆಗಳನ್ನು ಮಾತ್ರ ಅವ್ವ ಯಾರಿಗೂ ಕೊಡದೆ ಗಾಡಿಗೆ ಹಾಕಿಸಿಕೊಂಡು ಬಂದು, ನಮ್ಮ ಹಿತ್ತಲಿನಲ್ಲಿ ಕಲ್ಲಿನ ಮೇಲಿರಿಸಿ, ತಗಡು ಮುಚ್ಚಿಸಿದ್ದಳು. ಯಾತಕ್ಕೆಂದು ನಾವು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅರ್ಧ ಶತಮಾನಕ್ಕೂ ಮೀರಿ ಮಾಡಿನ ಕೆಳಗೆ ಒಣಗಿದ ಮರ. ಇನ್ನು ಸೊಟ್ಟಗಾಗುವ ವಯಸ್ಸು ಅದಕ್ಕೆ ಕಳೆದಿತ್ತು. ಪೀಠಕ್ಕೆ ಇದಕ್ಕಿಂತ ಒಳ್ಳೆಯ ಮರ ಊರಲ್ಲೆಲ್ಲೂ ಸಿಕ್ಕದೆಂದು ನನಗೆ ತಿಳಿದಿತ್ತು. ಆದರೂ ಬಾಯಿಬಿಟ್ಟು ಕೇಳಲು ಎರಡು ವಾರ ಹಿಡಿಯಿತು. ಹನ್ನೆರಡು ಕೊಡದ ಪ್ರಶ್ನೆಗೆ ಉತ್ತರ ಕೊಡದೆ ತೊಲೆಯನ್ನು ಕೇಳುವುದು ಹೇಗೆ?

ಆ ಎರಡು ವಾರ ನಾನು ಉತ್ತರವನ್ನು ಹುಡುಕಿದೆ. ಮೀನಿನ ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲುವ ಪ್ರಸಂಗವೇ ಇಲ್ಲ. ವಾರಕ್ಕೊಮ್ಮೆ ಐದರಲ್ಲೊಂದು ಪಾಲು, ಅಂದರೆ ಸುಮಾರು ಎರಡು ಕೊಡ, ತೆಗೆದು ಹೊಸ ನೀರು ಹಾಕಿದರಾಯಿತು. ತೆಗೆದ ನೀರು ಕೊಳೆಯೂ ಅಲ್ಲ. ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ಹರಳುಗಲ್ಲಿನಲ್ಲಿ ನೆಲೆಸಿದ ಸೂಕ್ಷ್ಮಾಣುಗಳು ನೈಟ್ರೇಟಾಗಿ ಮಾರ್ಪಡಿಸುತ್ತವೆ. ನೈಟ್ರೇಟು ಗಿಡಗಳಿಗೆ ಗೊಬ್ಬರ. ಅವ್ವ ಪ್ರತಿದಿನ ಕೈಯಾರೆ ನೀರುಣಿಸುವ ಕರಿಬೇವು, ಮಲ್ಲಿಗೆ, ದಾಸವಾಳಗಳಿಗೆ ವಾರಕ್ಕೆ ಎರಡು ಕೊಡ ಹೇಗೂ ಬೇಕೇ ಬೇಕು. ಆ ಎರಡು ಕೊಡವೇ ಗಿಡಕ್ಕೆ ಹೋಗುವ ಮುನ್ನ ತೊಟ್ಟಿಯಲ್ಲಿ ಸ್ವಲ್ಪ ದಿನ ತಂಗಿಹೋಗುತ್ತದೆ ಅಷ್ಟೇ.

ಹೇಳಿದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು:

“ನೀರು ಎರಡು ಸಲ ಕೆಲಸಕ್ಕ ಬರೂದಾದರ ಬ್ಯಾಡನ್ನೂದಿಲ್ಲ. ಆದರ ಬ್ಯಾಸಗ್ಯಾಗ ನಳಾ ತಪ್ಪಿತಂದರ ಮೊದಲ ಮನ್ಯಾಗಿನ ಮಂದಿಗೆ, ಆಮ್ಯಾಲ ಮೀನಿಗೆ. ಹಿತ್ತಲದಾಗಿನ ತೊಲಿ ತಗೋ. ಮಣ್ಣಿನ ಮಾಳಿಗಿ ಹೊತ್ತದ್ದು, ಇದನ್ನ ಹೊರೂದಿಲ್ಲೇನು?”

ಕೆಲಸಕ್ಕೆ ಬಂದವರು ನಮ್ಮ ಓಣಿಯ ಹಿರಿಯ ಬಡಿಗರು. ಓಣಿಯ ಮಕ್ಕಳೆಲ್ಲ ಅವರನ್ನು ಕಾಕಾ ಎಂದು ಕರೆಯುತ್ತಾರೆ, ನಾನೂ ಹಾಗೆಯೇ. ತೊಲೆಯನ್ನು ಕೊಡತಿಯಿಂದ ತುದಿಯಿಂದ ತುದಿಗೆ ಬಡಿದು, ಸದ್ದು ಕೇಳಿ, “ಒಳಗ ಗಟ್ಟಿ ಅದ ಸರ” ಎಂದರು. ಹಳೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಗರಗಸ, ಉಳಿ, ಬೈರಿಗೆಗಳ ನಡುವೆ ಎಂಟು ದಿನಗಳ ಸಂಜೆಯನ್ನು ಕಳೆದ ನಾನು ಅವರಿಂದ ಕಲಿತದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮನೆಯಲ್ಲಿ ತೊಟ್ಟಿ ಇಡಬೇಕೆಂದಿರುವ ವಾಚಕರಿಗೆ ಉಪಯೋಗವಾದೀತು.

ಮೊದಲನೆಯ ಮಾತು: ಭಾರ ಮರದ ಮೇಲೆ ಕೂಡ್ರಬೇಕು. ಕಾಲಿನ ಪಕ್ಕಕ್ಕೆ ಅಡ್ಡಪಟ್ಟಿಯನ್ನು ಇಟ್ಟು ತಿರುಪುಮೊಳೆ ಬಿಗಿದರೆ ಇಡೀ ತೂಕವನ್ನು ಆ ನಾಲ್ಕಾರು ಮೊಳೆಗಳು ಹೊರಬೇಕಾಗುತ್ತದೆ. ಕಾಕಾ ಮೂರಂಗುಲ ಚೌಕದ ಕಾಲಿನ ತಲೆಯಲ್ಲಿ ಕಚ್ಚು ತೆಗೆದು, ಅಡ್ಡಪಟ್ಟಿಯ ತುದಿಯನ್ನು ಅದರಲ್ಲಿ ಕೂರಿಸಿದರು. “ಮೊಳಿ ಕೆಲಸ ಹಿಡಿಯೂದು ಸರ, ಹೊರೂದಲ್ಲ” ಎಂದರು. ಸಂಸಾರದಲ್ಲಿಯೂ ಆಡಳಿತದಲ್ಲಿಯೂ ಹಿಡಿಯುವವರಿಗೆ ಹೊರುವ ಕೆಲಸವನ್ನು ಕೊಟ್ಟು ನಾವು ಎಷ್ಟು ಕಡೆ ಕೆಡಿಸಿಲ್ಲ!

ಎರಡನೆಯದು: ಪಟ್ಟಿಯನ್ನು ಮಲಗಿಸಬಾರದು, ನಿಲ್ಲಿಸಬೇಕು. ಎರಡಂಗುಲ ದಪ್ಪ, ನಾಲ್ಕಂಗುಲ ಅಗಲದ ಪಟ್ಟಿಯನ್ನು ಅಗಲ ಕೆಳಗಾಗಿ ಮಲಗಿಸಿದರೆ ಎಷ್ಟು ಬಾಗುತ್ತದೆಯೋ, ಅದೇ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಅದರ ಕಾಲುಭಾಗ ಮಾತ್ರ ಬಾಗುತ್ತದೆ. ಮರ ಅದೇ, ಖರ್ಚು ಅದೇ. ನಿಲ್ಲಿಸಿದ ರೀತಿಯಿಂದಲೇ ನಾಲ್ಕು ಪಟ್ಟು ಬಿಗುವು.

ಮೂರನೆಯದೇ ಮುಖ್ಯ. ನೇರವಾಗಿ ಕೆಳಗಿಳಿಯುವ ಭಾರಕ್ಕೆ ಮರ ಹೆದರುವುದಿಲ್ಲ. ಮೂರಂಗುಲ ಚೌಕದ ಸಾಗವಾನಿಯ ನಾಲ್ಕು ಮೋಟು ಕಾಲುಗಳಿಗೆ ಎರಡೂವರೆ ಕ್ವಿಂಟಲು ಒಂದು ಲೆಕ್ಕವೇ ಅಲ್ಲ. ಪೀಠಗಳು ಬೀಳುವುದು ಭಾರದಿಂದಲ್ಲ, ವಾಲಾಟದಿಂದ. ನಾಲ್ಕು ಕಾಲು, ನಾಲ್ಕು ಪಟ್ಟಿಗಳ ಬರಿಯ ಚೌಕಟ್ಟನ್ನು ಪಕ್ಕದಿಂದ ನೂಕಿದರೆ ಅದು ಓರೆಯಾಗುತ್ತದೆ. ಮೇಲೆ ಭಾರವಿದ್ದರೆ ಆ ಓರೆಯನ್ನು ಭಾರವೇ ಹೆಚ್ಚಿಸುತ್ತ ಹೋಗುತ್ತದೆ. ಇದಕ್ಕೆ ಔಷಧ ತ್ರಿಕೋಣ. ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿಯನ್ನು ಹೊಡೆಯಬೇಕು. ಇಲ್ಲವೇ ಹಿಂಬದಿಗೂ ಎರಡು ಪಕ್ಕಕ್ಕೂ ಪ್ಲೈವುಡ್ ಹಲಗೆಯನ್ನು ಬಿಗಿಯಬೇಕು. ಹಲಗೆಯೆಂದರೆ ಅಸಂಖ್ಯ ತ್ರಿಕೋಣಗಳ ಒಟ್ಟು. ನಾವು ಮೂರು ಬದಿಗೂ ಹಲಗೆ ಬಿಗಿದೆವು.

ಇದನ್ನು ಕೇಳುತ್ತಿದ್ದಾಗ ನನಗೆ ಗೋಲಗುಮ್ಮಟ ನೆನಪಾಯಿತು. ವಿಜಯಪುರದವರಿಗೆ ಏನನ್ನು ಕೇಳಿದರೂ ಗೋಲಗುಮ್ಮಟವೇ ನೆನಪಾಗುತ್ತದೆಂದು ವಾಚಕರು ನಗಬಾರದು. ಇಲ್ಲಿ ಅದಕ್ಕೆ ಕಾರಣವುಂಟು. 1656ರಲ್ಲಿ ಮುಗಿದ ಆ ಕಟ್ಟಡದ ಒಳಚೌಕ ಒಂದೊಂದು ಬದಿಗೆ 135 ಅಡಿ. ನಡುವೆ ಒಂದೂ ಕಂಬವಿಲ್ಲದ 18,225 ಚದರ ಅಡಿ ನೆಲ. ಮೇಲೆ ಹೊರಸುತ್ತಿನಲ್ಲಿ 144 ಅಡಿ ವ್ಯಾಸದ ಗುಮ್ಮಟ. ಗುಮ್ಮಟವೂ ಬರಿಯ ಭಾರವಲ್ಲ. ಅದು ಸುತ್ತಲೂ ಹೊರಮುಖವಾಗಿ ಒದೆಯುತ್ತದೆ. ಆ ಒದೆತ ಗೋಡೆಗಳನ್ನು ಹೊರಕ್ಕೆ ವಾಲಿಸಬಹುದಾಗಿತ್ತು. ಅಲ್ಲಿಯ ಶಿಲ್ಪಿಗಳು ಎಂಟು ಕಮಾನುಗಳನ್ನು ಒಂದನ್ನೊಂದು ಕತ್ತರಿಸಿ ಹಾಯುವಂತೆ ಹೆಣೆದು, ಅವು ಚೌಕದೊಳಕ್ಕೆ ಬಾಗಿ ಚಾಚಿಕೊಳ್ಳುವಂತೆ ಮಾಡಿದರು. ಒಳಕ್ಕೆ ಚಾಚಿದ ಆ ಕಲ್ಲುಗಾರೆಯ ತೂಕ, ಹೊರಕ್ಕೆ ಒದೆಯುವ ಗುಮ್ಮಟವನ್ನು ಹಿಂದಕ್ಕೆ ಜಗ್ಗಿ ಹಿಡಿದಿದೆ. ಪ್ರವಾಸಿಗರು ಮೇಲಿನ ಮೊಗಸಾಲೆಯಲ್ಲಿ ಪಿಸುಗುಟ್ಟಿ, ಪ್ರತಿಧ್ವನಿಯನ್ನು ಎಣಿಸಿ ಇಳಿದುಬರುತ್ತಾರೆ. ಪ್ರತಿಧ್ವನಿ ಗುಮ್ಮಟದ ಕೀರ್ತಿ; ಅದನ್ನು ಹೊತ್ತ ಕೀರ್ತಿ ಆ ಕಮಾನುಗಳದು.

ಹೀಗೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರದ ಪೀಠ ಸಿದ್ಧವಾಯಿತು. ನೆಲಕ್ಕೆ ಶಹಾಬಾದಿ ಫರಸಿ ಹಾಸಿದೆ. ತೂಕವೆಲ್ಲ ನಾಲ್ಕು ಬಿಂದುಗಳ ಮೇಲೆ ಬಿದ್ದರೆ ಕಲ್ಲು ಬಿರಿಯುವ ಭಯವಿರುವುದರಿಂದ ಪ್ರತಿ ಕಾಲಿನ ಕೆಳಗೂ ಅಂಗೈಗಿಂತ ಅಗಲವಾದ ಮರದ ಬಿಲ್ಲೆಯನ್ನು ಕೊಟ್ಟೆವು. ನೀರು ಸಿಡಿಯುವುದರಿಂದ ಮರಕ್ಕೆ ಒಳಗೂ ಹೊರಗೂ ಅಡಿಗೂ ವಾರ್ನಿಶು. ಮಗನ ಹೆಸರಿನಲ್ಲಿ ಇನ್ನೊಂದು ಏರ್ಪಾಡು: ಪೀಠದ ಹಿಂಬದಿಯನ್ನು ಎರಡು ಕಬ್ಬಿಣದ ಕೋನಪಟ್ಟಿಗಳಿಂದ ಗೋಡೆಗೆ ಬಿಗಿದೆವು. ವಿದ್ಯುತ್ತಿನ ತಂತಿ ಸ್ವಿಚ್ಚಿಗೆ ಹೋಗುವ ಮುನ್ನ ಕೆಳಗೆ ಜೋತುಬಿದ್ದು ಮತ್ತೆ ಮೇಲೇರುವಂತೆ ಬಿಟ್ಟೆವು. ತಂತಿಗುಂಟ ಇಳಿದ ಹನಿ ಆ ಬಾಗಿನಲ್ಲಿಯೇ ತೊಟ್ಟಿಕ್ಕುತ್ತದೆ, ಸ್ವಿಚ್ಚಿನೊಳಗೆ ಹೋಗುವುದಿಲ್ಲ.

ಪೀಠದ ಮೇಲೆ ಹಾಸಲೆಂದು ತಂದ ಥರ್ಮೋಕೋಲಿನ ಹಾಳೆಯನ್ನು ಅವ್ವ ಕೈಯಲ್ಲಿ ಹಿಡಿದು ತಿರುವಿ ನೋಡಿದಳು. “ಇದ್ಯಾತಕ್ಕ?” ಎಂದಳು. ಹಲಗೆಯನ್ನು ಎಷ್ಟೇ ಕೀಸಿದರೂ ಎಲ್ಲಿಯೋ ಒಂದು ಉಬ್ಬು, ಒಂದು ಹರಳು ಉಳಿದಿರುತ್ತದೆ. ತೊಟ್ಟಿಯ ತಳದ ಗಾಜು ನೇರವಾಗಿ ಹಲಗೆಗೆ ತಾಗುವಂತಿದ್ದರೆ ಅಷ್ಟೂ ಭಾರ ಆ ಒಂದು ಬಿಂದುವಿನ ಮೇಲೆ ಒತ್ತಿ ಗಾಜು ಸೀಳಬಹುದು. ಮೆತ್ತನೆಯ ಹಾಳೆ ಉಬ್ಬನ್ನು ತನ್ನೊಳಗೆ ನುಂಗಿಕೊಂಡು ಭಾರವನ್ನು ಎಲ್ಲೆಡೆಗೂ ಸಮನಾಗಿ ಹಂಚುತ್ತದೆ. ಇದನ್ನು ನಾನು ಪಾಠ ಹೇಳುವ ಧಾಟಿಯಲ್ಲಿ ವಿವರಿಸಿದೆ. ಅವ್ವ ಪೂರ್ತಿ ಕೇಳಿ ಒಂದೇ ಮಾತು ಹೇಳಿದಳು:

“ಅಂದರ ಸಿಂಬಿ ಅನ್ನು.”

ಸಿಂಬಿಯನ್ನು ಕಾಣದ ಪಟ್ಟಣದ ಮಕ್ಕಳಿಗಾಗಿ ಹೇಳಬೇಕು: ಹಳೆಯ ಸೀರೆಯ ತುಂಡನ್ನು ಹೊಸೆದು, ಬಳೆಯಂತೆ ಸುತ್ತಿ, ತಲೆಗೂ ಕೊಡಕ್ಕೂ ನಡುವೆ ಇಟ್ಟುಕೊಳ್ಳುವ ಮೆತ್ತೆ. ಕೊಡದ ತಳ ದುಂಡು, ತಲೆಯೂ ದುಂಡು; ದುಂಡಿನ ಮೇಲೆ ದುಂಡು ಕೂಡ್ರುವುದು ಒಂದೇ ಬಿಂದುವಿನಲ್ಲಿ. ಸಿಂಬಿ ಆ ಬಿಂದುವನ್ನು ಬಳೆಯಾಗಿ ಅಗಲಿಸುತ್ತದೆ. ನೆತ್ತಿ ನೋಯುವುದಿಲ್ಲ, ಕೊಡ ಹೊರಳುವುದಿಲ್ಲ. ಬರಗಾಲದ ಹಾದಿಯಲ್ಲಿ ಮೈಲಿಗಟ್ಟಲೆ ನೀರು ಹೊತ್ತ ಹನ್ನೆರಡು ವರ್ಷದ ಹುಡುಗಿಯ ತಲೆ ಈ ತತ್ತ್ವವನ್ನು ಯಾವ ಗ್ರಂಥದಿಂದಲೂ ಕಲಿತದ್ದಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಆ ಹಾಳೆಗೆ ಥರ್ಮೋಕೋಲ್ ಎಂಬ ಹೆಸರಿಲ್ಲ. (ಕೆಲವು ತೊಟ್ಟಿಗಳ ತಳಕ್ಕೆ ಚೌಕಟ್ಟಿದ್ದು, ಗಾಜು ಹಲಗೆಯಿಂದ ಮೇಲಕ್ಕೆ ನಿಂತಿರುತ್ತದೆ, ಅಂಥವಕ್ಕೆ ಸಿಂಬಿ ಬೇಡ.)

ತೊಟ್ಟಿಯನ್ನು ಇಡುವ ಮೊದಲು ಪೀಠಕ್ಕೆ ಪರೀಕ್ಷೆ. ಪಕ್ಕದ ಮನೆಯವರಿಂದ ಒಂದು ಚೀಲ ಎರವಲು ತಂದು, ನಮ್ಮದರೊಡನೆ ಸೇರಿಸಿ, ಎರಡೂವರೆ ಚೀಲ ಜೋಳವನ್ನು ಅದರ ಮೇಲೆ ಪೇರಿಸಿದೆವು. ಗೋಡೆಯ ಬಿಗಿತವನ್ನು ಇನ್ನೂ ಕೊಟ್ಟಿರಲಿಲ್ಲ. ಕಾಕಾ ಪಕ್ಕಕ್ಕೆ ಬಂದು ಹೆಗಲು ಕೊಟ್ಟು ನೂಕಿದರು. ನಾನೂ ನೂಕಿದೆ. ಹೆಂಡತಿ ಮಾತನಾಡದೆ ಬಂದು, ಮಗನ ಎತ್ತರಕ್ಕೆ ಬಾಗಿ, ಅಂಚನ್ನು ಎರಡೂ ಕೈಯಿಂದ ಹಿಡಿದು, ತನ್ನ ಮೈಭಾರವನ್ನೆಲ್ಲ ಹಾಕಿ ಜಗ್ಗಿದಳು. ಒಂದು ಕೀರಲು ಸದ್ದೂ ಬರಲಿಲ್ಲ. ಎದ್ದು ನಿಂತು ಸೆರಗು ಸರಿಮಾಡಿಕೊಂಡು, “ತರ್ರಿ ಮೀನು” ಎಂದಳು. ನನ್ನ ಸ್ನಾತಕೋತ್ತರ ಪದವಿಗೆ ಕೂಡ ಇಷ್ಟು ಕಟ್ಟುನಿಟ್ಟಾದ ಪರೀಕ್ಷಕರು ಇರಲಿಲ್ಲ.

ಜೋಳದ ಚೀಲಗಳು ಒಂದು ದಿನ ಒಂದು ರಾತ್ರಿ ಅಲ್ಲಿಯೇ ಇದ್ದವು. ಆಮೇಲೆ ಪೀಠವನ್ನು ಗೋಡೆಗೆ ಬಿಗಿದು, ಸಿಂಬಿ ಹಾಸಿ, ತೊಟ್ಟಿಯನ್ನಿಟ್ಟು, ಉದ್ದಕ್ಕೂ ಅಗಲಕ್ಕೂ ರಸಮಟ್ಟ ಹಿಡಿದು ನೋಡಿದೆವು. ತೊಟ್ಟಿ ಓರೆಯಾಗಿದ್ದರೆ ನೀರು ತಗ್ಗಿದ ಬದಿಯ ಗಾಜನ್ನೂ ಅದರ ಅಂಟನ್ನೂ ಹೆಚ್ಚು ಒತ್ತುತ್ತದೆ. ನೀರನ್ನು ಒಮ್ಮೆಲೆ ತುಂಬಲಿಲ್ಲ. ಕಾಲುಭಾಗ ತುಂಬಿ ನಿಲ್ಲುವುದು, ಮಟ್ಟ ನೋಡುವುದು, ಮತ್ತೆ ಕಾಲುಭಾಗ.

ತುಂಬುವ ಕೆಲಸಕ್ಕೆ ಕೊಳವೆ ಹಚ್ಚುವುದು ಬೇಡವೆಂದಳು ಅವ್ವ, ಕೊಡದಿಂದಲೇ ಆಗಬೇಕು. ನಾನು ಕೊಡ ತರುವುದು, ಮಗಳು ಎಣಿಸುವುದು, ಅವ್ವ ಕೊಡದ ಕಂಠಕ್ಕೆ ಕೈ ಕೊಟ್ಟು ಸದ್ದಾಗದಂತೆ ಬಗ್ಗಿಸುವುದು. ಹನ್ನೊಂದನೆಯ ಕೊಡಕ್ಕೆ ನೀರು ಮೇಲಂಚಿನಿಂದ ಎರಡಂಗುಲ ಕೆಳಗೆ ನಿಂತಿತು. ನಾನು ಹನ್ನೆರಡನೆಯದನ್ನು ತಂದೆ. ಅವ್ವ ಕೈ ಅಡ್ಡ ಮಾಡಿದಳು.

“ಸಾಕು. ಅದು ಅಡಿಗಿಮನ್ಯಾಗ ಇರಲಿ.”

ಮೀನುಗಳು ಬಂದದ್ದು ಒಂದೂವರೆ ತಿಂಗಳ ಮೇಲೆ. ಅಮೋನಿಯ ತಿನ್ನುವ ಸೂಕ್ಷ್ಮಾಣುಗಳು ನೆಲೆಗೊಳ್ಳಲು ಅಷ್ಟು ಕಾಲ ಬೇಕು. ಅದುವರೆಗೆ ಮಗಳು ಖಾಲಿ ನೀರನ್ನೇ ಪ್ರೀತಿಯಿಂದ ನೋಡಿದಳು. ನಮ್ಮ ಕಡೆಯ ಕೊಳವೆಬಾವಿಯ ಗಡಸುನೀರಿಗೆ ಒಗ್ಗುವ ಗಪ್ಪಿ, ಮಾಲಿ ಜಾತಿಯ ಮೀನುಗಳನ್ನೇ ಆರಿಸಿದೆವು. ಮಗ ನಿರೀಕ್ಷೆಯಂತೆ ದಿನಕ್ಕೆ ಹತ್ತು ಸಲ ಅಂಚಿಗೆ ಜೋತುಬೀಳುತ್ತಾನೆ. ಪೀಠ ಅವನನ್ನು ಗಮನಿಸುವುದಿಲ್ಲ. ಪ್ರತಿ ರವಿವಾರ ಎರಡು ಕೊಡ ನೀರು ಹಿತ್ತಲಿಗೆ ಹೋಗುತ್ತದೆ. ಕರಿಬೇವು ಕಿಟಕಿಯ ಎತ್ತರವನ್ನು ಮೀರಿದೆ. ಎರಡು ಕೊಡ ತೆಗೆದ ಜಾಗಕ್ಕೆ ಎರಡು ಕೊಡ ಹೊಸ ನೀರನ್ನು ಹಾಕುವಾಗ ಅವ್ವ ಈಗಲೂ ಪಕ್ಕದಲ್ಲಿ ನಿಂತಿರುತ್ತಾಳೆ, ಮೂರನೆಯದು ಬಾರದಂತೆ.

ಈ ಊರಿನ ನೆಲ ಎರೆಮಣ್ಣಿನದು. ಡೋಣಿ ನದಿ ಹರಿದರೆ ಓಣಿತುಂಬ ಜೋಳವೆಂದು ಹೆಸರಾದ ಮಣ್ಣು. ಆದರೆ ಮನೆ ಕಟ್ಟುವವರಿಗೆ ಅದು ನಂಬಿಗಸ್ತ ಗೆಳೆಯನಲ್ಲ. ಮಳೆಯಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿದು ಕುಗ್ಗುತ್ತದೆ. ಮೇಲಿನ ಫರಸಿಯೂ ಅದರೊಡನೆ ಏಳುತ್ತದೆ, ಇಳಿಯುತ್ತದೆ. ಆದ್ದರಿಂದ ಮಳೆಗಾಲದ ಕೊನೆಗೊಮ್ಮೆ, ಬೇಸಗೆಯ ಕೊನೆಗೊಮ್ಮೆ ರಸಮಟ್ಟ ಇಟ್ಟು ನೋಡಬೇಕೆಂದು ಕಾಕಾ ಹೇಳಿಹೋಗಿದ್ದರು. ಈ ವರ್ಷದ ಮಳೆ ಮುಗಿದ ಮೇಲೆ ನೋಡಿದಾಗ ಗುಳ್ಳೆ ಗೆರೆಯಿಂದ ಒಂದು ಕೂದಲೆಳೆಯಷ್ಟು ಪೂರ್ವಕ್ಕೆ ಸರಿದಿತ್ತು. ನೀರಿನ ಮೂರು ಪಾಲು ಇಳಿಸಿ ತೊಟ್ಟಿಯನ್ನು ಹಗುರ ಮಾಡಿದೆ. ಗೋಡೆಯ ತಿರುಪನ್ನು ಸಡಿಲಿಸಿ, ಹಳೆಯ ತೊಲೆಯದೇ ಒಂದು ತೆಳ್ಳನೆಯ ಚಕ್ಕೆಯನ್ನು ಪಡುವಣ ಕಾಲಿನ ಕೆಳಗೆ ಮೆಲ್ಲಗೆ ಸರಿಸಿ, ಮತ್ತೆ ಬಿಗಿದೆ. ಗುಳ್ಳೆ ಮರಳಿ ನಡುವಿಗೆ ಬಂದು ನಿಂತಿತು. ಹೊರಗೆ ಸೊಲ್ಲಾಪುರದ ಕಡೆಗೆ ಒಂದು ಲಾರಿ ಹೋಯಿತು. ಮೇಜಿನ ಮೇಲಿನ ಲೋಟದ ನೀರು ನಡುಗಿತು. ತೊಟ್ಟಿಯ ನೀರಿನಲ್ಲಿ ಮೀನೊಂದು ಬಾಲವಾಡಿಸಿದ್ದಷ್ಟೇ ಅಲುಗಾಟ.